ಕ್ಲಚ್ ಕೇಬಲ್ ತುಂಡಾಗುವ ಮುನ್ನ

ನಮ್ಮ ಸದಸ್ಯರಲ್ಲಿ ಹಳೆಯ ಮೋಟಾರ್ ಸೈಕಲ್ ಇಟ್ಟುಕೊಂಡವರು ಈಗಲೂ ಕಡಿಮೆಯೇನಿಲ್ಲ. ಮಹಾಸಭೆಯ ದಿನ ಕಚೇರಿಯ ಅಂಗಳದಲ್ಲಿ ಕಾರುಗಳ ನಡುವೆ ಯೆಜ್ಡಿ, ಬುಲೆಟ್, ರಾಜದೂತ್, ಮೊದಮೊದಲ ಹೀರೋ ಹೋಂಡಾಗಳು ನಿಂತಿರುವುದನ್ನು ಎಲ್ಲರೂ ನೋಡಿದ್ದೀರಿ. ತೋಟದ ದಾರಿಗೆ ಒಗ್ಗಿ ಮನೆಯವರಂತೆಯೇ ಆಗಿಹೋದ ಈ ಗಾಡಿಗಳನ್ನು ಮಾರಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಎಂಜಿನ್ನಿಗೆ ನಾವು ತೋರಿಸುವ ಕಾಳಜಿಯಲ್ಲಿ ಹತ್ತರಲ್ಲೊಂದು ಪಾಲನ್ನೂ ಎಡಗೈಯ ಹಿಡಿಯಿಂದ ಇಳಿಯುವ ಆ ಒಂದು ತಂತಿಗೆ ತೋರಿಸುವುದಿಲ್ಲ. ಅದರ ಬಗ್ಗೆ ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇನೆ.

ಬರೆಯಲು ಕಾರಣವೂ ಇದೆ. ಕಳೆದ ಆಟಿಯ ಒಂದು ಸಂಜೆ ನಂತೂರು ವೃತ್ತದಲ್ಲಿ ಹೆದ್ದಾರಿ 66ರ ವಾಹನಗಳು ಸರಿಯುವುದನ್ನು ಕಾಯುತ್ತ ನಿಂತಿದ್ದೆ. ಯೆಜ್ಡಿ ಮೊದಲನೆಯ ಗೇರಿನಲ್ಲಿತ್ತು, ಕ್ಲಚ್ ಹಿಡಿದಿದ್ದೆ, ಎಡಗಾಲು ನೆಲದ ಮೇಲಿತ್ತು. ಎದುರಿಗೆ ಒಂದು ಸ್ಕೂಟರ್, ಅದರಲ್ಲಿ ತಾಯಿ ಮತ್ತು ಶಾಲೆಯ ಚೀಲ ಹೊತ್ತ ಮಗು. ಕೈಯೊಳಗೆ ಟಪ್ಪೆಂದು ಸದ್ದಾಯಿತು. ಮರುಕ್ಷಣ ಗಾಡಿ ಮುಂದಕ್ಕೆ ಹಾರಿತು. ಬಲಗಾಲು ಬ್ರೇಕಿನ ಮೇಲಿದ್ದ ಕಾರಣ ಎಂಜಿನ್ ಬಂದಾಯಿತು. ಆದರೂ ನನ್ನ ಮುಂದಿನ ಚಕ್ರ ಸ್ಕೂಟರಿನ ನಂಬರ್ ಪ್ಲೇಟನ್ನು ಮುಟ್ಟಿಯೇ ನಿಂತಿತು. ಬ್ರೇಕ್ ಮೇಲೆ ಕಾಲಿರದಿದ್ದರೆ ಆ ಸ್ಕೂಟರನ್ನು ನಾನೇ ಲಾರಿಗಳ ದಾರಿಗೆ ದೂಡಿಬಿಡುತ್ತಿದ್ದೆ. ಆ ಮಹಿಳೆ ತಿರುಗಿ ನೋಡಿದ ನೋಟ ಇನ್ನೂ ಮರೆತಿಲ್ಲ.

ತಪ್ಪು ಬೇರೆ ಯಾರದೂ ಅಲ್ಲ, ನನ್ನದೇ. ಅದಕ್ಕೆ ಹಿಂದಿನ ಹದಿನೈದು ದಿನಗಳಲ್ಲಿ ಕೇಬಲ್ ಸಡಿಲವಾಗಿದೆಯೆಂದು ಮೂರು ಸಲ ಅಡ್ಜಸ್ಟರ್ ತಿರುಗಿಸಿದ್ದೆ. 'ಹಳೆಯ ಕೇಬಲ್, ಎಳೆದುಕೊಂಡಿದೆ' ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಉಕ್ಕಿನ ತಂತಿ ಹೊಸದರಲ್ಲಿ ಒಂದಿಷ್ಟು ಕುಳಿತುಕೊಳ್ಳುವುದುಂಟು. ವರ್ಷಗಟ್ಟಲೆ ಓಡಿದ ತಂತಿ ಇದ್ದಕ್ಕಿದ್ದಂತೆ ವಾರಕ್ಕೊಮ್ಮೆ ಉದ್ದವಾಗುವುದಿಲ್ಲ. ಹಾಗೆ ಕಂಡಿತೆಂದರೆ ಒಳಗೆ ಎಳೆಗಳು ಒಂದೊಂದಾಗಿ ಕಡಿಯುತ್ತಿವೆ, ಅಥವಾ ತುದಿಯ ಗುಂಡು ತಂತಿಯಿಂದ ಜಾರುತ್ತಿದೆ ಎಂದು ತಿಳಿಯತಕ್ಕದ್ದು. ತಂತಿ ಮೂರು ಸಲ ನೋಟೀಸು ಕೊಟ್ಟಿತ್ತು, ನಾನು ಮೂರು ಸಲವೂ ಅದನ್ನು ಮಡಚಿ ಕಿಸೆಗೆ ಹಾಕಿದ್ದೆ.

ಕೇಬಲಿನ ರಚನೆ ಬಹಳ ಸರಳವಾದದ್ದು. ಸುರುಳಿ ಸುತ್ತಿದ ಉಕ್ಕಿನ ಹೊರಕವಚ, ಅದರೊಳಗೆ ಅನೇಕ ಸಣ್ಣ ಎಳೆಗಳನ್ನು ಹೊಸೆದು ಮಾಡಿದ ತಂತಿ, ಎರಡೂ ತುದಿಗೆ ಲೋಹದ ಗುಂಡು. ಈ ಗುಂಡನ್ನು ನಮ್ಮ ಮೆಕ್ಯಾನಿಕ್ಕುಗಳು ನಿಪ್ಪಲ್ ಎನ್ನುತ್ತಾರೆ. ಹೊರಕವಚ ತಳ್ಳುತ್ತದೆ, ಒಳತಂತಿ ಎಳೆಯುತ್ತದೆ. ಆದುದರಿಂದಲೇ ಎಷ್ಟು ಬಳಸಿ ತಿರುಗಿಸಿದರೂ ಕೈಯ ಬಲ ದೂರಕ್ಕೆ ತಲುಪುತ್ತದೆ. ಇಂಥ ತಂತಿಗೆ ಅರ್ನೆಸ್ಟ್ ಮಾನಿಂಗ್ಟನ್ ಬೌಡನ್ ಎಂಬವರು 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದರು. ಇಂದಿಗೂ ಇದಕ್ಕೆ ಬೌಡನ್ ಕೇಬಲ್ ಎಂದೇ ಹೆಸರು. ಸೈಕಲಿನ ಬ್ರೇಕಿನಿಂದ ಹಿಡಿದು ಪವರ್ ಟಿಲ್ಲರಿನ ಕ್ಲಚ್, ಕಳೆ ಕೊಚ್ಚುವ ಯಂತ್ರದ ಆಕ್ಸಿಲರೇಟರ್ ವರೆಗೆ ಎಲ್ಲವೂ ಇದೇ ಜಾತಿ.

ಇದು ತುಂಡಾಗುವುದು ಎಲ್ಲೆಂದರಲ್ಲಿ ಅಲ್ಲ. ನಾನು ಇದುವರೆಗೆ ಬಿಚ್ಚಿ ನೋಡಿದ ತುಂಡಾದ ಕ್ಲಚ್ ಕೇಬಲುಗಳಲ್ಲಿ ಹೆಚ್ಚಿನವು ಹ್ಯಾಂಡಲಿನ ಹಿಡಿಯ ಹತ್ತಿರ, ನಿಪ್ಪಲಿನಿಂದ ಅರ್ಧ ಇಂಚಿನೊಳಗೇ ಕಡಿದಿದ್ದವು. ಕಾರಣ ನೋಡಿ. ಹಿಡಿಯನ್ನು ಒತ್ತಿದಾಗ ಅದು ವೃತ್ತಾಕಾರದಲ್ಲಿ ತಿರುಗುತ್ತದೆ, ತಂತಿಯೋ ನೇರವಾಗಿ ಬರಬೇಕು. ಈ ವ್ಯತ್ಯಾಸವನ್ನು ಸರಿದೂಗಿಸಲೆಂದೇ ನಿಪ್ಪಲನ್ನು ದುಂಡಗೆ ಮಾಡಿರುತ್ತಾರೆ. ಅದು ತನ್ನ ಗೂಡಿನಲ್ಲಿ ಸಲೀಸಾಗಿ ತಿರುಗಿಕೊಳ್ಳಬೇಕು. ಗೂಡಿನಲ್ಲಿ ಧೂಳು, ತುಕ್ಕು, ಒಣಗಿದ ಗ್ರೀಸು ತುಂಬಿದರೆ ನಿಪ್ಪಲ್ ಬಿಗಿದುಕೊಳ್ಳುತ್ತದೆ. ಆಗ ಪ್ರತಿ ಸಲ ಹಿಡಿ ಒತ್ತಿದಾಗಲೂ ತಂತಿ ಆ ಬಾಯಿಯಲ್ಲಿಯೇ ಬಾಗಿ ನೆಟ್ಟಗಾಗುತ್ತದೆ. ಬೇಲಿಯ ತಂತಿಯನ್ನು ಕತ್ತರಿ ಇಲ್ಲದಾಗ ನಾವು ಅತ್ತಿತ್ತ ಬಗ್ಗಿಸಿ ಮುರಿಯುವುದಿಲ್ಲವೇ, ಅದೇ ಕ್ರಮ. ದಿನಕ್ಕೆ ಇನ್ನೂರು ಸಲ ಕ್ಲಚ್ ಹಿಡಿಯುತ್ತೇವೆಂದು ಲೆಕ್ಕ ಹಾಕಿದರೂ ವರ್ಷಕ್ಕೆ 73,000 ಸಲ. ಬಂದರಿನ ಮಂಡಿಗೆ ಹೋಗಿ ಹಂಪನಕಟ್ಟೆ, ಬೆಂದೂರುವೆಲ್, ಕದ್ರಿ ಏರು ಎಂದು ಸುತ್ತಿ ಬರುವವರಿಗೆ ಇನ್ನೂರು ಎಂಬುದು ಕಡಿಮೆಯೇ ಆದೀತು.

ನಮ್ಮ ಊರಿನ ಹವೆಯೂ ತಂತಿಯ ಶತ್ರುವೇ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಉಳಿದ ತಿಂಗಳುಗಳಲ್ಲಿ ಸಮುದ್ರದ ಉಪ್ಪುಗಾಳಿ. ಹಿಡಿಯ ಬಳಿ ಕವಚದ ಬಾಯಿ ಮೇಲ್ಮುಖವಾಗಿರುವುದರಿಂದ ನೀರು ಅಲ್ಲಿಂದಲೇ ಇಳಿದು ಕೆಳಗಿನ ಬಾಗಿನಲ್ಲಿ ನಿಲ್ಲುತ್ತದೆ. ಅಡಿಕೆ ಬೆಳೆಗಾರರಿಗೆ ಇದರ ಜೊತೆಗೆ ಇನ್ನೊಂದು. ಕೊಳೆರೋಗದ ಮದ್ದಿಗೆ ಮೈಲುತುತ್ತಿನ ಚೀಲವನ್ನು ಟ್ಯಾಂಕಿನ ಮೇಲಿಟ್ಟು ತರುವ ಅಭ್ಯಾಸ ಅನೇಕರಿಗಿದೆ. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಯಿತೇ ಎಂದು ನೋಡಲು ನಾವು ಹೊಳೆಯುವ ಕತ್ತಿಯನ್ನು ಅದ್ದುತ್ತೇವೆ. ಕೆಂಪು ಕಲೆ ಕಟ್ಟಿದರೆ ಸುಣ್ಣ ಸಾಲದು. ಆ ಕೆಂಪು, ಕಬ್ಬಿಣ ಕರಗಿ ಅದರ ಜಾಗದಲ್ಲಿ ಕುಳಿತ ತಾಮ್ರ. ಒದ್ದೆ ಚೀಲದಿಂದ ಜಿನುಗಿದ ಮೈಲುತುತ್ತಿನ ನೀರು ಕೇಬಲಿನೊಳಗಿನ ಕೂದಲಿನಷ್ಟು ಸಣ್ಣ ಎಳೆಗಳಿಗೂ ಅದನ್ನೇ ಮಾಡುತ್ತದೆ. ಚೀಲ ಹಿಂದಿನ ಸೀಟಿನ ಮೇಲಿರಲಿ, ಕೆಳಗೊಂದು ಪ್ಲಾಸ್ಟಿಕ್ ಹಾಳೆ ಇರಲಿ.

ಎಣ್ಣೆಯ ವಿಷಯಕ್ಕೆ ಬರೋಣ. ಕರಾವಳಿಯಲ್ಲಿ ಏನು ಬಿಗಿದುಕೊಂಡರೂ ತೆಂಗಿನೆಣ್ಣೆ ಬಿಡುವುದು ರೂಢಿ. ಹಾಕಿದ ದಿನ ಕ್ಲಚ್ ಬೆಣ್ಣೆಯಂತಾಗುವುದೂ ನಿಜವೇ. ಆದರೆ ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿನ ಕೆಳಗೆ ಹೆಪ್ಪುಗಟ್ಟುತ್ತದೆ. ಮಂಗಳೂರಿನಲ್ಲಿ ತೊಂದರೆ ಕಾಣಿಸದಿದ್ದರೂ ಅದೇ ಗಾಡಿಯಲ್ಲಿ ಚಾರ್ಮಾಡಿ ಹತ್ತಿ ಮೂಡಿಗೆರೆ ಕಡೆಯ ಕಾಫಿ ತೋಟಕ್ಕೆ ಹೋದ ಸದಸ್ಯರು, ಡಿಸೆಂಬರಿನ ಬೆಳಿಗ್ಗೆ ಹಿಡಿ ಒತ್ತಲು ಎರಡು ಕೈ ಬೇಕಾಯಿತೆಂದು ಹೇಳುವುದನ್ನು ಕೇಳಿದ್ದೇನೆ. ಕಾಲಕ್ರಮದಲ್ಲಿ ಅದು ಧೂಳಿನೊಡನೆ ಸೇರಿ ಮೇಣದಂತಾಗುತ್ತದೆ. ದೀಪಕ್ಕೂ ತಲೆಗೂ ಇರಲಿ, ಕೇಬಲಿಗೆ ಬೇಡ. ಹೊಲಿಗೆ ಯಂತ್ರದ ಎಣ್ಣೆಯೋ ತೆಳುವಾದ ಎಂಜಿನ್ ಎಣ್ಣೆಯೋ ಸಾಕು. ಗ್ರೀಸನ್ನು ಕೇಬಲಿನೊಳಗೆ ತುಂಬಲೂ ಕೂಡದು. ಅದರ ಸ್ಥಾನ ನಿಪ್ಪಲಿನ ಗೂಡು ಮತ್ತು ಹಿಡಿಯ ಬೋಲ್ಟು.

ಎಣ್ಣೆ ಮೇಲಿಂದ ನಾಲ್ಕು ಹನಿ ಬಿಟ್ಟರೆ ಒಳಗೆ ಇಳಿಯುವುದಿಲ್ಲ. ವರ್ಷಕ್ಕೆ ಎರಡು ಸಲ, ಮಳೆಗೆ ಮುನ್ನ ಮೇ ತಿಂಗಳಲ್ಲೊಮ್ಮೆ ಮತ್ತು ಮಳೆ ಮುಗಿದ ಮೇಲೆ ದೀಪಾವಳಿಯ ಹೊತ್ತಿಗೊಮ್ಮೆ, ಹಿಡಿಯ ಕಡೆಯ ತುದಿಯನ್ನು ಬಿಡಿಸಿ ನೆಟ್ಟಗೆ ಮೇಲಕ್ಕೆ ಹಿಡಿಯಿರಿ. ಕವಚದ ಬಾಯಿಗೆ ಸಣ್ಣ ಪ್ಲಾಸ್ಟಿಕ್ ಚೀಲದ ಮೂಲೆಯನ್ನು ಕತ್ತರಿಸಿ ಆಲಿಕೆಯಂತೆ ತೊಡಿಸಿ, ದಾರದಿಂದ ಬಿಗಿದು, ಅದರಲ್ಲಿ ಎರಡು ಚಮಚ ಎಣ್ಣೆ ಹಾಕಿ ಗೋಡೆಯ ಮೊಳೆಗೆ ಕಟ್ಟಿಡಿ. ರಾತ್ರಿ ಕಳೆಯುವುದರೊಳಗೆ ಎಣ್ಣೆ ಕೆಳತುದಿಯಿಂದ ತೊಟ್ಟಿಕ್ಕುತ್ತದೆ. ಮೊದಲು ಬರುವುದು ಕಪ್ಪು ಅಥವಾ ಕೆಂಪು ನೀರು, ಆಮೇಲೆ ಎಣ್ಣೆ. ಕೆಂಪು ಪುಡಿ ಧಾರಾಳವಾಗಿ ಬಂದರೆ ಎಣ್ಣೆಯ ಖರ್ಚೂ ದಂಡ, ಕೇಬಲನ್ನೇ ಬದಲಾಯಿಸಿರಿ. ಈಚಿನ ಕೇಬಲುಗಳಿಗೆ ಒಳಗೆ ನೈಲಾನ್ ಪದರ ಇರುತ್ತದೆ. ಅವಕ್ಕೆ ಇಷ್ಟೊಂದು ಉಪಚಾರ ಬೇಡ, ಕೆಲವು ಹನಿ ತೆಳು ಎಣ್ಣೆ ಸಾಕು. ಆದರೆ ನಿಪ್ಪಲಿನ ಗೂಡನ್ನು ಒರೆಸಿ ಚಿಟಿಕೆ ಗ್ರೀಸು ಹಚ್ಚುವ ಕೆಲಸ ಎರಡಕ್ಕೂ ಒಂದೇ. ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುತ್ತೇನೆ ಎನ್ನುವವರು ಇದನ್ನೇ ಮಾಡಿ.

ತುದಿಯನ್ನು ಬಿಡಿಸಿದ ಹೊತ್ತಿನಲ್ಲೇ ತಂತಿಯನ್ನು ಬೆರಳಿನಿಂದಲ್ಲ, ಹತ್ತಿಯ ಬಟ್ಟೆಯಿಂದ ಒರೆಸಿ ನೋಡಿ. ಒಂದು ಎಳೆ ಕಡಿದಿದ್ದರೂ ಬಟ್ಟೆ ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಎಳೆ ಹೋದರೆ ಉಳಿದವು ಆ ಭಾರವನ್ನೂ ಹೊರಬೇಕು, ಎರಡನೆಯದು ಬೇಗ, ಮೂರನೆಯದು ಇನ್ನೂ ಬೇಗ ಹೋಗುತ್ತದೆ. 'ಇನ್ನೊಂದು ತಿಂಗಳು ನಡೆದೀತು' ಎಂಬ ಮಾತಿಗೆ ಇಲ್ಲಿ ಆಧಾರವಿಲ್ಲ.

ಬಿಗಿಯ ಬಗ್ಗೆ ಎರಡು ಮಾತು. ಹಿಡಿಯ ಬುಡದಲ್ಲಿ ಎರಡು ಮೂರು ಮಿಲಿಮೀಟರ್, ಅಂದರೆ ಒಂದು ನಾಣ್ಯ ಸಲೀಸಾಗಿ ತೂರುವಷ್ಟು, ಸಡಿಲ ಇರಲೇಬೇಕು. ಅದೂ ಇಲ್ಲದಂತೆ ಬಿಗಿದರೆ ಕ್ಲಚ್ ಪೂರ್ತಿ ಕಚ್ಚದೆ ಜಾರಿ ಪ್ಲೇಟುಗಳು ಸುಡುತ್ತವೆ; ಘಾಟಿ ಏರುವಾಗ ಎಂಜಿನ್ ಕೂಗಿದರೂ ಗಾಡಿ ಓಡದು. ಸಡಿಲ ಹೆಚ್ಚಾದರೆ ಕ್ಲಚ್ ಪೂರ್ತಿ ಬಿಡದೆ ಗೇರುಗಳು ಕಚಕಚ ಎನ್ನುತ್ತವೆ. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿದಾಗ ಈ ಸಡಿಲ ಬದಲಾಗಬಾರದು. ಬದಲಾದರೆ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ ಎಂದರ್ಥ. ಹಿಡಿಯ ಬಳಿಯ ಅಡ್ಜಸ್ಟರಿನಲ್ಲಿ ತಂತಿ ತೂರಿಸಲು ಸೀಳು ಇರುತ್ತದಲ್ಲವೇ, ಆ ಸೀಳು ಮೇಲ್ಮುಖವಾಗಿ ನಿಲ್ಲದಂತೆ ನೋಡಿಕೊಳ್ಳಿ. ಮಳೆನೀರಿಗೆ ಅದು ಕೊಳವೆ ಕಟ್ಟಿಕೊಟ್ಟಂತೆ. ಹಳೆಯ ಸೈಕಲ್ ಟ್ಯೂಬಿನ ಒಂದು ತುಂಡನ್ನು ಅಲ್ಲಿಗೆ ತೊಡಿಸಿದರೆ ಇನ್ನೂ ಒಳ್ಳೆಯದು.

ಹೊಸ ಕೇಬಲ್ ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಹೊರಕವಚದ ಉದ್ದವನ್ನಷ್ಟೇ ಅಲ್ಲ, ಕವಚದಿಂದ ಹೊರಗೆ ಉಳಿಯುವ ಬರಿ ತಂತಿಯ ಉದ್ದವನ್ನೂ ಹೋಲಿಸಬೇಕು. ಬಿಚ್ಚುವ ಮುನ್ನ ಹಳೆಯದರ ತುದಿಗೆ ದಾರ ಕಟ್ಟಿ ಎಳೆದರೆ ದಾರ ಅದೇ ದಾರಿಯಲ್ಲಿ ಬಂದು ನಿಲ್ಲುತ್ತದೆ. ಹೊಸದನ್ನು ಅದಕ್ಕೆ ಕಟ್ಟಿ ಹಿಂದಕ್ಕೆ ಎಳೆದುಕೊಳ್ಳಬಹುದು. ಎರಡು ಕೊಂಡು, ಎರಡನೆಯದನ್ನು ಮೊದಲನೆಯದರ ಪಕ್ಕದಲ್ಲಿಯೇ ಟೇಪಿನಿಂದ ಕಟ್ಟಿ, ತುದಿಗಳಿಗೆ ಪ್ಲಾಸ್ಟಿಕ್ ಸುತ್ತಿಡುವುದು ದೂರ ಹೋಗುವವರ ಹಳೆಯ ಉಪಾಯ. ಶಿರಾಡಿಯ ನಡುವೆ ಸುರಿಯುವ ಮಳೆಯಲ್ಲಿ ಟ್ಯಾಂಕ್ ಬಿಚ್ಚುವುದಕ್ಕಿಂತ ಎರಡು ತುದಿಗಳನ್ನು ಸಿಕ್ಕಿಸುವುದು ಲೇಸು.

ಇಷ್ಟಾಗಿಯೂ ತುಂಡಾದರೆ? ಪೇಟೆಯ ನಡುವೆಯಾದರೆ ಎಂಜಿನ್ ನಿಲ್ಲಿಸಿ ಬದಿಗೆ ದೂಡಿಕೊಂಡು ಹೋಗಿ, ಸಾಹಸ ಬೇಡ. ಖಾಲಿ ರಸ್ತೆಯಾದರೆ ನ್ಯೂಟ್ರಲಿನಲ್ಲಿ ಎಂಜಿನ್ ಶುರು ಮಾಡಿ, ಕಾಲಿನಿಂದ ದೂಡಿಯೋ ಇಳಿಜಾರಿನಲ್ಲಿಯೋ ಗಾಡಿ ಉರುಳತೊಡಗಿದ ಮೇಲೆ ಮೊದಲ ಗೇರು ಹಾಕಬಹುದು. ಮುಂದಿನ ಗೇರುಗಳಿಗೆ ಆಕ್ಸಿಲರೇಟರನ್ನು ಒಂದು ಕ್ಷಣ ಬಿಟ್ಟು ಪಾದವನ್ನು ದೃಢವಾಗಿ ಒತ್ತಿದರಾಯಿತು. ನಿಲ್ಲಿಸುವ ಮುನ್ನ ನ್ಯೂಟ್ರಲಿಗೆ ಬರಲು ಮರೆಯಬಾರದು.

ಜಾವಾ, ಯೆಜ್ಡಿ ಇರುವವರಿಗೆ ಇಲ್ಲಿ ಒಂದು ಭಾಗ್ಯವಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಹೆಸರಿನಲ್ಲಿ, 1973ರಿಂದ ಯೆಜ್ಡಿ ಹೆಸರಿನಲ್ಲಿ ತಯಾರಿಸಿದ ಈ ಗಾಡಿಗಳಲ್ಲಿ ಗೇರಿನ ಪೆಡಲನ್ನು ಒತ್ತಿದರೆ ಸಾಕು, ಒಳಗಿನ ಏರ್ಪಾಟು ಕ್ಲಚ್ಚನ್ನು ತಾನೇ ಬಿಡಿಸುತ್ತದೆ. ಕೈಯ ಹಿಡಿ ಇಲ್ಲದೆಯೇ ಗೇರು ಬದಲಾಯಿಸಬಹುದು; ಮೊದಲ ಗೇರಿಗೆ ಒತ್ತಿ ಹಿಡಿದ ಪಾದವನ್ನು ಮೆಲ್ಲನೆ ಸಡಿಲಿಸಿದರೆ ಗಾಡಿ ಹೊರಡುತ್ತದೆ. ಕಾರ್ಖಾನೆ 1996ರಲ್ಲಿ ಮುಚ್ಚಿತು, ಏರ್ಪಾಟು ಮಾತ್ರ ಅನೇಕ ಗಾಡಿಗಳಲ್ಲಿ ಇನ್ನೂ ಜೀವಂತವಾಗಿದೆ. ಆ ಸಂಜೆ ನಂತೂರಿನಿಂದ ಮನೆಗೆ ನಾನು ಬಂದದ್ದು ಹೀಗೆಯೇ. ಹಾಗಾದರೆ ವೃತ್ತದಲ್ಲಿ ಅದು ಏಕೆ ಹಾರಿತು ಎಂದು ಕೇಳಬಹುದು. ಪಾದ ಪೆಡಲಿನ ಮೇಲಿದ್ದರಲ್ಲವೇ ಅದು ಕೆಲಸ ಮಾಡುವುದು. ನನ್ನ ಎಡಪಾದ ನೆಲದ ಮೇಲಿತ್ತು, ಗಾಡಿ ನಿಂತದ್ದು ಕೈಯ ತಂತಿಯೊಂದರ ಆಧಾರದಲ್ಲಿ. ಅಂದಿನಿಂದ ಎಲ್ಲಿ ಕಾಯಬೇಕಾದರೂ ಮೊದಲು ನ್ಯೂಟ್ರಲ್, ಆಮೇಲೆ ನೆಲಕ್ಕೆ ಕಾಲು. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ.

ಸೈಕಲ್ ಅಂಗಡಿಗಳಲ್ಲಿ ತಿರುಪು ಹಾಕಿ ಬಿಗಿಯುವ ನಿಪ್ಪಲ್ ಸಿಗುತ್ತದೆ. ಮನೆ ಮುಟ್ಟುವ ಮಟ್ಟಿಗೆ ಸಾಕು, ಟೂಲ್ ಬಾಕ್ಸಿನಲ್ಲಿ ಒಂದಿರಲಿ. ನಮ್ಮ ಕಚೇರಿಯ ಹಿಂದಿನ ಜಗಲಿಯಲ್ಲಿ ತೆಳು ಎಣ್ಣೆಯ ಡಬ್ಬಿ, ದಾರ ಮತ್ತು ಎರಡು ಸ್ಪಾನರ್ ಇಡಿಸಿದ್ದೇನೆ. ಅಡಿಕೆ ತೂಕಕ್ಕೆ ಬಂದ ಸದಸ್ಯರು ಸರದಿ ಕಾಯುವ ಹೊತ್ತಿನಲ್ಲಿ ನಿಪ್ಪಲ್ ಬಿಡಿಸಿ ನೋಡಿಕೊಳ್ಳಬಹುದು. ಸ್ಪಾನರನ್ನು ಮಾತ್ರ ದಯವಿಟ್ಟು ಅಲ್ಲಿಯೇ ಇಟ್ಟು ಹೋಗಿ.