ಗಾಳಿಯೊಳಗಿನ ಆರದ ಕೆಂಡ

ಮುಸ್ಸಂಜೆ. ಮೈಸೂರಿನ ಸಿದ್ಧಾರ್ಥನಗರದಿಂದ ನೋಡಿದರೆ ಚಾಮುಂಡಿ ಬೆಟ್ಟದ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿವೆ. ಮೇಲಿನ ಆಕಾಶ ಕಪ್ಪಾಯಿತು ಅಂದುಕೊಂಡಿರಾ? ಇಲ್ಲ, ಅದಿನ್ನೂ ಬೆಳಗುತ್ತಿದೆ! ಹಗಲೆಲ್ಲ ಬಿಸಿಲು ಓಜೋನನ್ನು ಒಡೆದಿದೆ. ಆ ಚೂರುಗಳಲ್ಲೊಂದು ಕೆರಳಿದ ಆಕ್ಸಿಜನ್ ಅಣು. ಅದು 1270 ನ್ಯಾನೊಮೀಟರಿನ ಅವಕೆಂಪು ಬೆಳಕನ್ನು ಚೆಲ್ಲುತ್ತದೆ. ನಮ್ಮ ಕಣ್ಣಿಗೆ ಮಾತ್ರ ಆ ಭಾಗ್ಯವಿಲ್ಲ.

ಎಂಥ ತಾಳ್ಮೆ ಈ ಅಣುವಿನದು! ತನ್ನ ಪಾಡಿಗೆ ಬಿಟ್ಟರೆ ಬೆಳಕು ಬಿಡಲು ಸರಾಸರಿ ಒಂದು ಗಂಟೆಗೂ ಮಿಕ್ಕಿ ಕಾಯುತ್ತದೆ. ಎಲೆಕ್ಟ್ರಾನುಗಳ ಗಿರಕಿಯ ನಿಯಮ ಅದನ್ನು ಸುಲಭವಾಗಿ ಇಳಿಯಲು ಬಿಡುವುದಿಲ್ಲ.

ಹಾಗಾದರೆ ಇದನ್ನು ತಣಿಸುವವರು ಯಾರು? ಅಳೆಯುವ ಉಪಾಯ ಬಲು ಸೊಗಸು. ಕೊಳವೆಯಲ್ಲಿ ಆಕ್ಸಿಜನ್ ತುಂಬಿ, ಲೇಸರ್ ಮಿಂಚಿನಿಂದ ಕೆರಳಿಸಿ, ಹೊಳಪು ಮಾಸುವುದನ್ನು ಗಮನಿಸುವುದು. ಬಳಿಕ ಇನ್ನೊಂದು ಅನಿಲವನ್ನು ಚೂರುಚೂರೇ ಬೆರೆಸಿ ಮತ್ತೆ ಅಳೆಯುವುದು. ಒತ್ತಡ ಏರಿದಂತೆ ಆರುವ ವೇಗ ಎಷ್ಟು ಏರಿತೆಂದು ಗೆರೆ ಎಳೆದರೆ, ಗೆರೆಯ ಓರೆಯೇ ಆ ಅನಿಲದ ಕೈಚಳಕದ ಲೆಕ್ಕ!

ಉತ್ತರ ಬೆರಗು ಹುಟ್ಟಿಸುತ್ತದೆ. ಗಾಳಿಯ ಮುಕ್ಕಾಲು ಪಾಲಾದ ನೈಟ್ರೋಜನ್ ಎಷ್ಟು ಸಲ ಡಿಕ್ಕಿ ಹೊಡೆದರೂ ಹೆಚ್ಚುಕಡಿಮೆ ನಿರಪರಾಧಿ. ಕೆಂಡ ಆರಿಸುವುದು ಸ್ವಂತ ದಾಯಾದಿ, ಸಾಮಾನ್ಯ ಆಕ್ಸಿಜನ್, ಜೊತೆಗೆ ನೀರಾವಿ. ಅದೂ ಕೋಟ್ಯಂತರ ಡಿಕ್ಕಿಗಳ ನಂತರ! ಹಾಗಾಗಿ ನೆಲದ ಬಳಿ ಅದರ ಆಯಸ್ಸು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು. 50 ಕಿಲೋಮೀಟರ್ ಮೇಲೆ ಕೆಲವು ನಿಮಿಷ. ಗಾಳಿ ತೀರಾ ತೆಳುವಾದ 80 ಕಿಲೋಮೀಟರಿನಲ್ಲಿ ಸುಮಾರು ಮುಕ್ಕಾಲು ಗಂಟೆ.

ದ್ರವ ನೀರಿಗಿಳಿದರೆ? ಸೆಕೆಂಡಿನ ಲಕ್ಷಾಂಶದೊಳಗೇ ಕಥೆ ಮುಗಿಯಿತು: ಬರೀ 3.5 ಮೈಕ್ರೊಸೆಕೆಂಡು. ನೀರಿನ ಅಣುವಿನೊಳಗಿನ ಆಕ್ಸಿಜನ್-ಹೈಡ್ರೋಜನ್ ಬಂಧಗಳ ಕಂಪನ ಆ ಶಕ್ತಿಯನ್ನು ನುಂಗುತ್ತದೆ. ಭಾರಜಲದಲ್ಲಿ ಕಂಪನ ನಿಧಾನ. ಅಲ್ಲಿ ಆಯಸ್ಸು ಹೆಚ್ಚುಕಡಿಮೆ ಇಪ್ಪತ್ತು ಪಟ್ಟು!

ನಾವು ನಿಂತ ಸಿದ್ಧಾರ್ಥನಗರದಲ್ಲೇ ಇರುವ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ 1961ರಿಂದ ಸೈನಿಕರ ಊಟ ಕೆಡದಂತೆ ಕಾಯುವ ದಾರಿ ಹುಡುಕುತ್ತಿದೆ. ಊಟದ ಲೋಕದಲ್ಲೂ ಈ ಕೆಂಡ ಇದೆ: ಬೆಳಕು ಬಿದ್ದ ಹಾಲು, ಎಣ್ಣೆಗಳಲ್ಲಿ ಅದು ಹುಟ್ಟಿ ರುಚಿ ಕೆಡಿಸಿ ಕಮಟು ತರುತ್ತದೆ. ಅದನ್ನು ಆರಿಸುವ ನಿಪುಣನನ್ನು ರಸಾಯನ ವಿಜ್ಞಾನಿಗಳಾದ ಫೂಟ್ ಮತ್ತು ಡೆನ್ನಿ 1968ರಲ್ಲಿ ತೋರಿಸಿಕೊಟ್ಟರು: ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್. ಇದಕ್ಕೆ ಕೋಟಿ ಡಿಕ್ಕಿ ಬೇಡ, ಎದುರಾದರೆ ಸಾಕು.

ಆಕಾಶದ ನೈಟ್ರೋಜನ್‌ಗೆ ಆಗದ್ದನ್ನು ತಟ್ಟೆಯ ಕ್ಯಾರೆಟ್ ಪಲ್ಯ ಮಾಡುತ್ತದೆ! ನಾವು ಪಲ್ಯ ಉಂಡು ಕೈತೊಳೆದ ಹೊತ್ತಿಗೂ, ಬೆಟ್ಟದ ಮೇಲಿನ ಬಾನಿನಲ್ಲಿ ಸಂಜೆಯ ಕೆಲವು ಅಣುಗಳು ಇನ್ನೂ ತಮ್ಮ ಸರದಿಗೆ ಕಾಯುತ್ತಿರುತ್ತವೆ.