ಬೆಸುಗೆಯ ಬೆಳಕು ಮತ್ತು ಕಣ್ಣಿನ ರಕ್ಷಣೆ

ಬಿಸಿಲಿನಲ್ಲಿಯೂ ವೆಲ್ಡಿಂಗ್ ಬೆಳಕಿನಲ್ಲಿಯೂ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿರುತ್ತವೆ. ನಮ್ಮ ಚಡಚಣ, ಇಂಡಿ ಭಾಗದಲ್ಲಿ ಕಬ್ಬಿನ ಟ್ರೇಲರ್, ನೇಗಿಲು, ಕುಂಟೆ, ದ್ರಾಕ್ಷಿ ಪಡದ ಕಬ್ಬಿಣದ ಕಂಬ ಇವೆಲ್ಲ ವೆಲ್ಡಿಂಗ್ ಅಂಗಡಿಗಳಲ್ಲಿಯೇ ಸಿದ್ಧವಾಗುವುದರಿಂದ, ಈ ಕಿರಣಗಳಿಂದ ಕಣ್ಣಿಗಾಗುವ ಗಾಯವನ್ನು ಸದ್ಭಕ್ತರೆಲ್ಲರೂ ಅರಿತಿರುವುದು ಅವಶ್ಯ.

ಈ ಗಾಯದ ವಿಶೇಷವೆಂದರೆ ನೋವು ತಡವಾಗಿ ಬರುವುದು. ಬೆಳಕು ತಾಗಿದಾಗ ಏನೂ ಅನಿಸುವುದಿಲ್ಲ. ಸಾಮಾನ್ಯವಾಗಿ ೬ರಿಂದ ೧೨ ತಾಸುಗಳ ನಂತರ, ಬಹುಪಾಲು ರಾತ್ರಿಯ ಹೊತ್ತಿನಲ್ಲಿ, ಎರಡೂ ಕಣ್ಣುಗಳಲ್ಲಿ ಮರಳು ಹೊಕ್ಕಂತೆ ಚುಚ್ಚುತ್ತದೆ. ನೀರು ಸುರಿಯುತ್ತದೆ, ರೆಪ್ಪೆ ಬಾಯುತ್ತದೆ, ದೀಪವನ್ನು ನೋಡಲಾಗದು. ಕರಿಗುಡ್ಡೆಯ ಮೇಲಿನ ತೆಳುಪೊರೆ ಸುಟ್ಟಿರುವುದೇ ಇದಕ್ಕೆ ಕಾರಣ. ಇದನ್ನು ಕಣ್ಣುಬೇನೆಯೆಂದು ತಿಳಿಯುವವರುಂಟು. ಆದರೆ ಕಣ್ಣುಬೇನೆಯಲ್ಲಿ ಸಾಮಾನ್ಯವಾಗಿ ಪಿಸುರು ಕಟ್ಟುತ್ತದೆ. ಇಲ್ಲಿ ನೀರು ಮಾತ್ರ ಸೋರುತ್ತದೆ. ಆ ದಿನ ವೆಲ್ಡಿಂಗ್ ನೋಡಿದ್ದುಂಟೇ ಎಂದು ಕೇಳಿದರೆ ರೋಗ ತಿಳಿಯುತ್ತದೆ.

ಇಂಥವರನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿ, ಮುಚ್ಚಿದ ಕಣ್ಣಿನ ಮೇಲೆ ತಣ್ಣೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನಿಡಬೇಕು. ಕಣ್ಣುಜ್ಜಬಾರದು. ಎದೆಹಾಲು, ಉಳ್ಳಾಗಡ್ಡಿ ರಸ, ಜೇನು, ಔಡಲೆಣ್ಣೆ ಯಾವುದನ್ನೂ ಹಾಕಬಾರದು. ನಾವು ಆಯುರ್ವೇದದವರಾಗಿಯೇ ಹೇಳುತ್ತೇವೆ: ಹಸಿ ಗಾಯವಿರುವ ಕಣ್ಣಿಗೆ ಮನೆಯಲ್ಲಿ ಮಾಡಿದ ತ್ರಿಫಲಾ ನೀರೂ ಸಲ್ಲದು. ಮರಗಟ್ಟಿಸುವ ಹನಿಗಳನ್ನು ಅಂಗಡಿಯಿಂದ ತಂದು ಹಾಕಿಕೊಂಡರೆ ನೋವು ಅಡಗಿದರೂ ಗಾಯ ಮಾಯುವುದು ತಡವಾಗುತ್ತದೆ. ಮರುದಿನ ಕಣ್ಣಿನ ವೈದ್ಯರಿಗೆ ತೋರಿಸಿ, ಅವರು ಕೊಟ್ಟ ಔಷಧಿಯನ್ನಷ್ಟೇ ಬಳಸಬೇಕು. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಪೊರೆ ಮತ್ತೆ ಬೆಳೆಯುತ್ತದೆ. ದೃಷ್ಟಿ ಮಂದವಾದರೆ, ಒಂದೇ ಕಣ್ಣು ನೋಯುತ್ತಿದ್ದರೆ, ಲೋಹದ ಚೂರು ಸಿಡಿದ ಸಂಶಯವಿದ್ದರೆ ತಡಮಾಡಬಾರದು.

ಹೊಲದಲ್ಲಿ ವರ್ಷಾನುಗಟ್ಟಲೆ ಬಿಸಿಲು, ಧೂಳಿಗೆ ಒಡ್ಡಿದ ಕಣ್ಣಿನಲ್ಲಿ ಬಿಳಿಭಾಗದಿಂದ ಕರಿಗುಡ್ಡೆಯತ್ತ ಮಾಂಸ ಬೆಳೆಯುವುದುಂಟು. ಇದನ್ನು ಸುಶ್ರುತರು ‘ಅರ್ಮ’ವೆಂದು ಕರೆದು ಐದು ಬಗೆಗಳನ್ನೂ ಶಸ್ತ್ರಚಿಕಿತ್ಸೆಯನ್ನೂ ಹೇಳಿದ್ದಾರೆ. ಥಳಥಳಿಸುವ ವಸ್ತುಗಳನ್ನು ದಿಟ್ಟಿಸುವುದರಿಂದ ದೃಷ್ಟಿ ನಾಶವಾಗುವುದನ್ನೂ ಅವರ ಉತ್ತರತಂತ್ರವು ತಿಳಿಸುತ್ತದೆ. ೨೦೧೯ರ ಡಿಸೆಂಬರ್ ೨೬ರಂತಹ ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಿದರೆ ಒಳಗಣ್ಣಿನ ಪರದೆಯೇ ಸುಡಬಹುದು. ಆ ಗಾಯಕ್ಕೆ ನೋವೇ ಇರುವುದಿಲ್ಲ.

ಬೆಸುಗೆ ಹಾಕುವವನ ಕೈಯಲ್ಲಿ ಕಪ್ಪು ಗಾಜಿರುತ್ತದೆ. ಕಬ್ಬಿಣ ಹಿಡಿದು ನಿಂತ ಹುಡುಗನಿಗೆ ಅನೇಕ ಕಡೆ ಏನೂ ಇರುವುದಿಲ್ಲ. ಅಂಗಡಿಯ ಯಜಮಾನರು ಅವನಿಗೂ ಒಂದು ಮುಖಗವಚ ಕೊಡಿಸಲಿ, ರಸ್ತೆಯ ಕಡೆಗೊಂದು ಮರೆ ಕಟ್ಟಲಿ. ತಾಯಂದಿರು ಮಕ್ಕಳನ್ನು ಅಲ್ಲಿ ನಿಂತು ನೋಡಲು ಬಿಡದಿರಲಿ. ಕಾಯಕ ಮಾಡುವವರಿಗೆಲ್ಲ ಕಣ್ಣೇ ಮೊದಲ ಬಂಡವಾಳ.