ಸಿಸೇರಿಯನ್ ಹೆರಿಗೆಯ ಪ್ರಮಾಣ ಮತ್ತು ಬಡತನ: ಹುಮನಾಬಾದ–ಬಸವಕಲ್ಯಾಣ ಪರಿಸರದ ಹಿನ್ನೆಲೆಯಲ್ಲಿ

ಮಾಣಿಕಪ್ರಭುಗಳ ಸಂಸ್ಥಾನದಿಂದ ಪ್ರಸಿದ್ಧವಾದ ಮಾಣಿಕನಗರವು ಬೀದರ ಜಿಲ್ಲೆಯ ಹುಮನಾಬಾದಿಗೆ ಹೊಂದಿಕೊಂಡಿದೆ. ಇಲ್ಲಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 50 ಕಿ.ಮೀ., ಕಲಬುರಗಿಗೆ ಸುಮಾರು 60 ಕಿ.ಮೀ. ಅಂತರವಿದೆ. ಬಸವಕಲ್ಯಾಣದವರಿಗೆ ಬೀದರ ಇನ್ನೂ ದೂರ. ಹೆರಿಗೆ ಕಷ್ಟವಾದಾಗ ಈ ಅಂತರವೇ ತಾಯಿ-ಮಗುವಿನ ಅಳಿವು-ಉಳಿವನ್ನು ನಿರ್ಧರಿಸಬಲ್ಲದು. ಸಿಸೇರಿಯನ್ ಶಸ್ತ್ರಕ್ರಿಯೆಗೂ ಬಡತನಕ್ಕೂ ಇರುವ ಸಂಬಂಧವನ್ನು ಇಂತಹ ಪರಿಸರವನ್ನು ಗಮನದಲ್ಲಿರಿಸಿಕೊಂಡು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಸ್ತ್ರಕ್ರಿಯೆಯ ಹೆರಿಗೆ ಶೇಕಡಾ 10ರಿಂದ 15ನ್ನು ಮೀರುವುದಕ್ಕೆ ಸಮರ್ಥನೆಯಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 1985ರಲ್ಲಿ ಅಭಿಪ್ರಾಯಪಟ್ಟಿತು. 2015ರಲ್ಲಿ ಅದು ಹೊರಡಿಸಿದ ಹೇಳಿಕೆಯ ಪ್ರಕಾರ, ಒಂದು ಜನಸಮುದಾಯದಲ್ಲಿ ಪ್ರಮಾಣವು ಶೇ. 10ರವರೆಗೆ ಏರಿದಂತೆ ತಾಯಿ ಮತ್ತು ನವಜಾತ ಶಿಶುಗಳ ಮರಣ ಇಳಿಯುತ್ತದೆ. ಅದಕ್ಕೂ ಮೇಲೇರಿದರೆ ಅಂತಹ ಇಳಿಕೆ ಕಾಣುವುದಿಲ್ಲ. ಆದರೆ ನಿರ್ದಿಷ್ಟ ಪ್ರಮಾಣವನ್ನು ಮುಟ್ಟುವುದು ಗುರಿಯಾಗದೆ, ಅಗತ್ಯವಿರುವ ಪ್ರತಿಯೊಬ್ಬ ಮಹಿಳೆಗೂ ಶಸ್ತ್ರಕ್ರಿಯೆ ದೊರೆಯುವುದು ಗುರಿಯಾಗಬೇಕೆಂದೂ ಆ ಹೇಳಿಕೆ ಸ್ಪಷ್ಟಪಡಿಸಿದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019–21) ಭಾರತದ ಪ್ರಮಾಣ ಶೇ. 21.5. ಬಿಹಾರದಲ್ಲಿ ಅದು ಶೇ. 9.7 ಮಾತ್ರ. ಬೀದರ ಜಿಲ್ಲೆಯ ಎರಡು ನೆರೆರಾಜ್ಯಗಳಲ್ಲೇ ಮಹಾರಾಷ್ಟ್ರದ್ದು ಶೇ. 25.4 ಆದರೆ ತೆಲಂಗಾಣದ್ದು ಶೇ. 60.7. ಕರ್ನಾಟಕದ ಪ್ರಮಾಣವು 2015–16ರಲ್ಲಿ ಶೇ. 23.6 ಇದ್ದದ್ದು ಶೇ. 31.5ಕ್ಕೆ ಏರಿತು. ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3 ಹೆರಿಗೆಗಳು ಶಸ್ತ್ರಕ್ರಿಯೆಯಿಂದ ಆದರೆ ಖಾಸಗಿ ಆಸ್ಪತ್ರೆಗಳಲ್ಲಿ ಶೇ. 47.4 ಆಗಿವೆ. ಈ ಅಂತರವನ್ನು ಕೇವಲ ವೈದ್ಯಕೀಯ ಕಾರಣಗಳಿಂದ ವಿವರಿಸಲು ಸಾಧ್ಯವಿಲ್ಲ.

ಬಡತನದ ಮೊದಲ ಮುಖ ಕೊರತೆಯದು. ಶಸ್ತ್ರಕ್ರಿಯೆ ನಡೆಯಬೇಕಾದರೆ ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು ಮತ್ತು ರಕ್ತ ಸಂಗ್ರಹ ಈ ಮೂರೂ ಒಂದೇ ವೇಳೆಗೆ ಲಭ್ಯವಿರಬೇಕು. ಒಂದು ಇಲ್ಲವಾದರೂ ಬಾಣಂತನಕ್ಕೆ ಬಂದವಳನ್ನು ಮುಂದಿನ ಊರಿಗೆ ಸಾಗಿಸಬೇಕಾಗುತ್ತದೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಗುರುತಿಸಿದ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಗುಲಬರ್ಗಾ ವಿಭಾಗಕ್ಕೆ ಸೇರಿದ್ದವೆಂಬುದನ್ನು ಇಲ್ಲಿ ನೆನೆಯಬೇಕು.

ಎರಡನೆಯ ಮುಖ ಅತಿರೇಕದ್ದು. ಸಹಜ ಹೆರಿಗೆಗೆ ಗಂಟೆಗಟ್ಟಲೆ ಕಾಯುವ ಸಿಬ್ಬಂದಿ ಬೇಕು. ಶಸ್ತ್ರಕ್ರಿಯೆಯ ಸಮಯವನ್ನಾದರೋ ಮೊದಲೇ ಗೊತ್ತುಪಡಿಸಬಹುದು, ಅದರ ಶುಲ್ಕವೂ ಹೆಚ್ಚು. ಅನಗತ್ಯ ಶಸ್ತ್ರಕ್ರಿಯೆಯ ಹೊರೆ ಬಡವರ ಮೇಲೆ ಇಮ್ಮಡಿಯಾಗಿ ಬೀಳುತ್ತದೆ. ಸಾಲ ಒಂದೆಡೆಯಾದರೆ, ಬೇಗ ಕೂಲಿಗೆ ಮರಳಬೇಕಾದ ದೇಹದ ದಣಿವು ಇನ್ನೊಂದೆಡೆ. ಮುಂದಿನ ಬಸಿರಿನಲ್ಲಿ ಗರ್ಭಕೋಶದ ಹಳೆಯ ಹೊಲಿಗೆ ಬಿರಿಯುವ, ಮಾಸು ಗಾಯದ ಗುರುತಿಗೆ ಅಂಟಿಕೊಂಡು ತೀವ್ರ ರಕ್ತಸ್ರಾವವಾಗುವ ಅಪಾಯವಿದೆ. ಮೊದಲನೆಯ ಹೆರಿಗೆ ನಗರದಲ್ಲಾಗಿ, ಎರಡನೆಯದಕ್ಕೆ ರಕ್ತ ದೊರೆಯದ ಊರಿನಲ್ಲಿರುವ ವಲಸೆ ಕಾರ್ಮಿಕ ಮಹಿಳೆಗೆ ಈ ಅಪಾಯ ಅಧಿಕ. ಅತಿರೇಕವು ಹೀಗೆ ಕೊರತೆಯನ್ನು ಸಂಧಿಸುತ್ತದೆ.

2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಕ್ರಿಯೆ, ಔಷಧ, ರಕ್ತ, ಊಟ ಮತ್ತು ಸಾರಿಗೆಯನ್ನು ಉಚಿತಗೊಳಿಸಿತು. ಕರ್ನಾಟಕದ ತಾಯಿ ಭಾಗ್ಯ ಯೋಜನೆಯಾದರೋ ಖಾಸಗಿ ಆಸ್ಪತ್ರೆಗಳಿಗೆ ನೂರು ಹೆರಿಗೆಗಳಿಗೆ ಇಷ್ಟೆಂದು ಒಟ್ಟು ಮೊತ್ತ ನೀಡುವ ವಿಧಾನವನ್ನು ಅನುಸರಿಸಿತು. ಹೆರಿಗೆ ಯಾವುದೇ ಬಗೆಯದಾದರೂ ಸಂದಾಯ ಒಂದೇ ಆದ್ದರಿಂದ ಶಸ್ತ್ರಕ್ರಿಯೆಗೆ ಹಣದ ಆಕರ್ಷಣೆ ಉಳಿಯುವುದಿಲ್ಲವೆಂಬುದು ಅದರ ಹಿಂದಿನ ತರ್ಕ.

ಸರಾಸರಿಯೊಂದನ್ನೇ ನೆಚ್ಚಿದರೆ ಈ ಎರಡು ಮುಖಗಳೂ ಮರೆಯಾಗುತ್ತವೆ. ಒಂದು ಓಣಿಯ ಕೊರತೆ, ಇನ್ನೊಂದು ಓಣಿಯ ಅತಿರೇಕ ಕೂಡಿ ತಾಲ್ಲೂಕಿನ ಅಂಕಿ ಸಮರ್ಪಕವೆಂದೇ ತೋರಬಹುದು. ಹೆರಿಗೆಗೆ ಬಂದವರನ್ನು ಚೊಚ್ಚಲು, ಹಿಂದಿನ ಶಸ್ತ್ರಕ್ರಿಯೆ, ಶಿಶುವಿನ ಸ್ಥಿತಿ ಮೊದಲಾದ ಲಕ್ಷಣಗಳಂತೆ ಹತ್ತು ಗುಂಪುಗಳಾಗಿ ವಿಂಗಡಿಸುವ ರಾಬ್ಸನ್ ವರ್ಗೀಕರಣವನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಅದರೊಂದಿಗೆ ಕುಟುಂಬದ ಆರ್ಥಿಕ ಸ್ಥಿತಿಯನ್ನೂ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ದಾಖಲಿಸಿದರೆ, ಯಾರಿಗೆ ಶಸ್ತ್ರಕ್ರಿಯೆ ದೊರೆಯಲಿಲ್ಲ, ಯಾರಿಗೆ ಬೇಡದಿದ್ದರೂ ನಡೆಯಿತು ಎಂಬುದನ್ನು ಅರಿಯುವ ದಾರಿ ತೆರೆಯುತ್ತದೆ. ಹುಮನಾಬಾದ–ಬಸವಕಲ್ಯಾಣದಂತಹ ಗಡಿ ತಾಲ್ಲೂಕುಗಳಲ್ಲಿ ಸಂಶೋಧನೆ ಇಲ್ಲಿಂದ ಆರಂಭವಾಗಬೇಕಾಗಿದೆ.